ಮದುವೆಯಾದವಳ 2ಎ ಪತ್ರದಲ್ಲಿ ಅಪ್ಪನ ಆದಾಯ ಇದೆ ಅಂತ ಜಿಎಂಗೆ (ಸಾಮಾನ್ಯ ಅರ್ಹತೆಗೆ) ಹಾಕಿದ್ದಾರೆ, ಆಕ್ಷೇಪಣೆ ಹೇಗೆ ಬರೆಯೋದು?

ರಿಪ್ಪನ್‌ಪೇಟೆಯವಳು:

ಎಲ್ಲರಿಗೂ ನಮಸ್ಕಾರ. ಗ್ರೂಪ್ ಸಿ ಹುದ್ದೆಯೊಂದರ ತಾತ್ಕಾಲಿಕ ಆಯ್ಕೆಪಟ್ಟಿ ಬಂದಿದೆ, ಯಾವ ಇಲಾಖೆ ಅಂತ ಇಲ್ಲಿ ಹೇಳುವುದು ಬೇಡ. ನಾವು ದೀವರು, ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ 2ಎ. ಒಂದರಿಂದ ಏಳು ನಮ್ಮ ಹಳ್ಳಿಯ ಶಾಲೆ, ಹೈಸ್ಕೂಲು ರಿಪ್ಪನ್‌ಪೇಟೆ, ಎಲ್ಲ ಕನ್ನಡ ಮಾಧ್ಯಮ. ಹಾಗಾಗಿ 2ಎ, ಮಹಿಳೆ, ಗ್ರಾಮೀಣ, ಕನ್ನಡ ಮಾಧ್ಯಮ ನಾಲ್ಕನ್ನೂ ಕೇಳಿದ್ದೆ. ಮದುವೆಯಾಗಿ ಸಾಗರದ ಕಡೆ ಬಂದಿದ್ದೇನೆ. ಅರ್ಜಿ ಹಾಕುವಾಗ ನನ್ನ ಹತ್ತಿರ ಇದ್ದದ್ದು ಮದುವೆಗೆ ಮುಂಚೆ ನಾಡಕಚೇರಿಯಲ್ಲಿ ಮಾಡಿಸಿದ ಜಾತಿ ಆದಾಯ ಪತ್ರ, ಐದು ವರ್ಷದ ಅವಧಿ ಇನ್ನೂ ಮುಗಿದಿರಲಿಲ್ಲ. ಅರ್ಜಿಯಲ್ಲಿ ಆ ಪತ್ರದ ಆರ್‌ಡಿ ನಂಬರ್ ಹಾಕಿದ ತಕ್ಷಣ ಅಪ್ಪನ ಹೆಸರು, ಅಪ್ಪನ ಆದಾಯ ತಾನಾಗೇ ಬಂತು. ಯಾರೂ ಏನೂ ಕೇಳಲಿಲ್ಲ.

ದಾಖಲೆ ಪರಿಶೀಲನೆಯ ದಿನ ಮೇಜಿನ ಆಚೆ ಕೂತಿದ್ದವರು ಪತ್ರ ತಿರುಗಿಸಿ ನೋಡಿ, ನನ್ನ ಕೊರಳಿನ ತಾಳಿ ಕಡೆ ಒಂದು ಸಲ ನೋಡಿ, ಪೆನ್ಸಿಲ್‌ನಲ್ಲಿ ಏನೋ ಗುರುತು ಹಾಕಿಕೊಂಡರು. ಈಗ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ "ಪತಿಯ ಆದಾಯ ಪ್ರಮಾಣಪತ್ರ ಸಲ್ಲಿಸಿಲ್ಲ, ಸಾಮಾನ್ಯ ಅರ್ಹತೆ" ಅಂತಿದೆ. 2ಎ ಗ್ರಾಮೀಣದಲ್ಲಿ ಕೊನೆಯಲ್ಲಿ ಆಯ್ಕೆಯಾದವರಿಗಿಂತ ನನ್ನ ಅಂಕ ಜಾಸ್ತಿ. ಜಿಎಂನಲ್ಲಿ ಮಾತ್ರ ಸ್ವಲ್ಪದರಲ್ಲಿ ತಪ್ಪಿದೆ. ಆಕ್ಷೇಪಣೆಗೆ ಒಂದು ವಾರ ಟೈಮ್ ಕೊಟ್ಟಿದ್ದಾರೆ. ನಮ್ಮ ಯಜಮಾನರದ್ದು ಸಣ್ಣ ಗ್ಯಾರೇಜು, ಅಪ್ಪನಿಗೆ ಇರುವುದು ಎರಡು ಎಕರೆ ತೋಟ. ಯಾರ ಆದಾಯ ಹಿಡಿದರೂ ಮೀಸಲಾತಿಗೆ ಇರುವ ಎಂಟು ಲಕ್ಷದ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಈಗ ಗಂಡನ ಹೆಸರಲ್ಲಿ ಹೊಸ ಪತ್ರ ಮಾಡಿಸಿ ಕೊಟ್ಟರೆ ಸಾಕಾ? ಇಲ್ಲ ನೇರ ಕೋರ್ಟಿಗೇ ಹೋಗಬೇಕಾ?

ಸೊರಬದ ಮೇಷ್ಟ್ರು:

ತಂಗೀ, ಇದು ನಿನ್ನೊಬ್ಬಳ ಕಥೆ ಅಲ್ಲ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ ನಡೆಯಿತಲ್ಲ, ಅಲ್ಲೂ ಇದೇ ಗಲಾಟೆ. ಮದುವೆಯಾದ ಹೆಣ್ಣುಮಕ್ಕಳು ಅಪ್ಪನ ಆದಾಯದ ಪತ್ರ ಕೊಟ್ಟಿದ್ದರು, ಗಂಡನದ್ದಿಲ್ಲ ಅಂತ ಅವರನ್ನೆಲ್ಲ ಸಾಮಾನ್ಯ ವರ್ಗಕ್ಕೆ ತಳ್ಳಿದರು. ಅವರು ಹೈಕೋರ್ಟಿಗೆ ಹೋದರು. 2023ರ ಜನವರಿಯಲ್ಲಿ ಏಕಸದಸ್ಯ ಪೀಠ ಅವರ ಪರವಾಗಿ ತೀರ್ಪು ಕೊಟ್ಟು ತಾತ್ಕಾಲಿಕ ಪಟ್ಟಿಯನ್ನೇ ರದ್ದು ಮಾಡಿತು.

ಆಮೇಲೆ ಆಯ್ಕೆಯಾದವರು ಸುಮ್ನೆ ಕೂರುತ್ತಾರಾ? ಅವರೂ ಮೇಲ್ಮನವಿ ಹಾಕಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ವಿಭಾಗೀಯ ಪೀಠ ಮೊದಲ ತೀರ್ಪನ್ನು ಬದಿಗಿಟ್ಟು, ನೇಮಕಾತಿ ತಕರಾರು ಇದ್ದರೆ ಮೊದಲು ಕೆಎಟಿಗೆ (ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ) ಹೋಗಿ ಅಂದಿತು. 13 ಸಾವಿರಕ್ಕೂ ಹೆಚ್ಚು ಜನರ ನೇಮಕಾತಿಗೆ ದಾರಿ ಆಯಿತು. ಅಂದರೆ ಗೆದ್ದವರು ಮತ್ತೆ ಸರದಿಯ ಕೊನೆಗೆ ಬಂದು ನಿಂತರು. ನನ್ನ ತಂಗಿ ಜೊತೆ ಬಿಎಡ್ ಮಾಡಿದ ಹುಡುಗಿ ಒಬ್ಬಳು ಆ ಗುಂಪಿನಲ್ಲಿದ್ದಳು. ಪಟ್ಟಿ ಬಂದಾಗ ಮಗು ತೊಟ್ಟಿಲಲ್ಲಿತ್ತು, ಕೇಸು ನಡೆಯುತ್ತಾ ನಡೆಯುತ್ತಾ ಅದು ಅಂಗನವಾಡಿಗೆ ಹೋಗುವಷ್ಟಾಯಿತು. ಹೆದರಿಸುತ್ತಿಲ್ಲ, ಎಲ್ಲಿಗೆ ಮೊದಲು ಹೋಗಬೇಕು ಅನ್ನುವುದೇ ಇಲ್ಲಿ ದೊಡ್ಡ ವಿಷಯ ಅಂತ ಹೇಳಿದೆ ಅಷ್ಟೆ.

ಕೊಳೆರೋಗ ಸಾಗರ:

ಬೇಜಾರು ಮಾಡಿಕೊಳ್ಳಬೇಡಿ, ಆದರೆ ಒಂದು ಮಾತು ಕೇಳಲೇಬೇಕು. ನಾವು ಜಿಎಂ. ನಮಗೆ ಇರುವುದೇ ಅಷ್ಟು, ಅದಕ್ಕೂ 2ಎ ನವರು, 3ಎ ನವರು ಬಂದು ಕೂರುತ್ತಾರೆ. ಮೀಸಲಾತಿಗೆ ಸುಪ್ರೀಂ ಕೋರ್ಟ್ ಶೇಕಡಾ 50ರ ಮಿತಿ ಹಾಕಿದೆ, ನಮ್ಮ ರಾಜ್ಯದಲ್ಲಿ 56 ಮಾಡಿದ್ದಾರೆ. ಮಾತಾಡಿದರೆ ಮೀಸಲಾತಿ ವಿರೋಧಿ ಅಂತೀರಿ. ತೋಟದಲ್ಲಿ ಅಡಿಕೆ ಉದುರಿ ಬಿದ್ದಿದೆ, ಮಗ ಶಿವಮೊಗ್ಗದ ಲೈಬ್ರರಿಯಲ್ಲಿ ಕೂತು ಕೂತು ವಯಸ್ಸು ಮೀರಿಸಿಕೊಳ್ಳುತ್ತಿದ್ದಾನೆ. ನಮ್ಮ ಕಷ್ಟ ಯಾರ ಹತ್ತಿರ ಹೇಳೋಣ?

ಕಪ್ಪುಕೋಟು ಶಿವಮೊಗ್ಗ:

ಕೊಳೆರೋಗದ ರಾಯರೇ, ನಿಮ್ಮ ಮಗನ ಕಷ್ಟ ಅರ್ಥವಾಗುತ್ತದೆ. ಆದರೆ ಅವನ ವಯಸ್ಸು ಮೀರುತ್ತಿರುವುದು ಈ ಹೆಣ್ಣುಮಗಳಿಂದ ಅಲ್ಲವಲ್ಲ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಪರಿಶಿಷ್ಟ ಜಾತಿಯೊಳಗೆ ಒಳಮೀಸಲಾತಿ ಕೊಡಬಹುದು ಅಂದಿತು. ಅದನ್ನು ಹೇಗೆ ಹಂಚುವುದು ಅಂತ ತೀರ್ಮಾನ ಆಗುವವರೆಗೆ ಅಂತ ಅಕ್ಟೋಬರ್‌ನಿಂದ ಇಲ್ಲಿ ಹೊಸ ಅಧಿಸೂಚನೆಗಳೇ ನಿಂತವು. ಆಗ ಲೈಬ್ರರಿಯಲ್ಲಿ ಕೂತಿದ್ದ ಎಲ್ಲ ಜಾತಿಯ ಮಕ್ಕಳಿಗೂ ವಯಸ್ಸಾಯಿತು.

50ರ ಮಾತು 1992ರ ಇಂದ್ರಾ ಸಾಹ್ನಿ ತೀರ್ಪಿನದು, ಸರಿ. ಕರ್ನಾಟಕ 2022ರಲ್ಲಿ ಪರಿಶಿಷ್ಟ ಜಾತಿಗೆ 15 ಇದ್ದದ್ದನ್ನು 17, ಪಂಗಡಕ್ಕೆ 3 ಇದ್ದದ್ದನ್ನು 7 ಮಾಡಿತು, ಹಾಗೆ 56 ಆಯಿತು. ಮಹಾರಾಷ್ಟ್ರದ ಮರಾಠಾ ಮೀಸಲಾತಿ ಇದೇ ಮಿತಿಗೆ ಸಿಕ್ಕಿ 2021ರಲ್ಲಿ ಬಿದ್ದುಹೋಯಿತು ಅನ್ನುವುದೂ ನಿಜ. ಅದು ದೊಡ್ಡ ಜಗಳ, ಬೇರೆ ಜಾಗದಲ್ಲಿ ಆಡೋಣ. ಒಂದು ವಿಷಯ ಮಾತ್ರ ಇಲ್ಲೇ ಹೇಳಿಬಿಡುತ್ತೇನೆ, ಜಿಎಂ ಅನ್ನುವುದು ಒಂದು ಜಾತಿಯ ಕೋಟಾ ಅಲ್ಲ. ಅದು ಅಂಕ ಇದ್ದ ಯಾರಿಗಾದರೂ ತೆರೆದ ಜಾಗ. ಉತ್ತರ ಪ್ರದೇಶದ ಪೊಲೀಸ್ ನೇಮಕಾತಿಯಲ್ಲಿ ಒಬ್ಬ ಹಿಂದುಳಿದ ವರ್ಗದ ಮಹಿಳೆಗೆ ಸಾಮಾನ್ಯ ಮಹಿಳಾ ಪಟ್ಟಿಯ ಕೊನೆಯವರಿಗಿಂತ ಜಾಸ್ತಿ ಅಂಕ ಬಂದಿತ್ತು, ಆದರೂ ಕೆಲಸ ಸಿಗಲಿಲ್ಲ. ನೀನು ನಿನ್ನ ವರ್ಗದೊಳಗೇ ಇರು ಅಂದಿದ್ದರು. 2020ರ ಡಿಸೆಂಬರ್‌ನಲ್ಲಿ ಸೌರವ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದು ತಪ್ಪು ಅಂತ ಹೇಳಿತು.

ಈಗ ತಂಗಿಯ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಿಮ್ಮನ್ನು ಜಿಎಂಗೆ ಹಾಕಿದ್ದರಿಂದ 2ಎ ಒಂದೇ ಹೋಗಿದ್ದಲ್ಲ. ನಮ್ಮಲ್ಲಿ ಗ್ರಾಮೀಣ ಶೇಕಡಾ 25, ಕನ್ನಡ ಮಾಧ್ಯಮ ಶೇಕಡಾ 5, ಇವು ಪ್ರತಿ ವರ್ಗದ ಒಳಗೇ ಹಂಚಿಕೆಯಾಗುತ್ತವೆ. 2ಎ ಗ್ರಾಮೀಣ ಬೇರೆ, ಜಿಎಂ ಗ್ರಾಮೀಣ ಬೇರೆ. ಜಿಎಂನವರು ಗ್ರಾಮೀಣ ಕೇಳಬೇಕಾದರೆ ಶಾಲೆಯ ಪತ್ರದ ಜೊತೆಗೆ ಮೇಲುಸ್ತರಕ್ಕೆ, ಅಂದರೆ ಕೆನೆಪದರಕ್ಕೆ, ಸೇರಿಲ್ಲ ಅನ್ನುವ ಪ್ರತ್ಯೇಕ ನಮೂನೆ ಕೊಡಬೇಕು. ನೀವು 2ಎ ಅಂತ ಅರ್ಜಿ ಹಾಕಿದವರು, ಆ ನಮೂನೆ ನಿಮ್ಮ ಹತ್ತಿರ ಇರುವುದೇ ಇಲ್ಲ. ಹಾಗಾಗಿ ಒಂದು ಕಾಗದ ತಿರಸ್ಕಾರ ಆದರೆ ಗ್ರಾಮೀಣವೂ ಅದರ ಜೊತೆಗೇ ಹೋಗುತ್ತದೆ. ಪಟ್ಟಿಯಲ್ಲಿ ಗ್ರಾಮೀಣದ ಕಲಂ ಖಾಲಿ ಬಿಟ್ಟಿದ್ದಾರಾ ಒಮ್ಮೆ ನೋಡಿ. ಬಿಟ್ಟಿದ್ದರೆ ಅದನ್ನೂ ಬೇರೆ ಪ್ಯಾರಾದಲ್ಲಿ ಬರೆಯಿರಿ, ಒಂದರಲ್ಲಿ ಇನ್ನೊಂದು ಅಡಗಿದೆ ಅಂತ ಬಿಡಬೇಡಿ.

ವಾದ ಏನು ಅಂದರೆ ಇಷ್ಟೆ. ಜಾತಿ ಹುಟ್ಟಿನಿಂದ ಬರುವುದು. ಮುಂದುವರಿದ ವರ್ಗದ ಹೆಣ್ಣು ಹಿಂದುಳಿದ ವರ್ಗದವನನ್ನು ಮದುವೆಯಾದ ಮಾತ್ರಕ್ಕೆ ಮೀಸಲಾತಿ ಸಿಗುವುದಿಲ್ಲ ಅಂತ 1996ರಲ್ಲೇ ವಲ್ಸಮ್ಮ ಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೇಂದ್ರ ಸರ್ಕಾರದ ಒಬಿಸಿ (ಇತರೆ ಹಿಂದುಳಿದ ವರ್ಗ) ಕೆನೆಪದರ ನಿಯಮದಲ್ಲೂ, ಅಂದರೆ ಅನುಕೂಲಸ್ಥರನ್ನು ಮೀಸಲಾತಿಯಿಂದ ಹೊರಗಿಡುವ ನಿಯಮದಲ್ಲೂ, ಅಭ್ಯರ್ಥಿಯ ತಂದೆ ತಾಯಿಯ ಸ್ಥಿತಿ ನೋಡುತ್ತಾರೆ, ಗಂಡನದ್ದಲ್ಲ. ಸೌಲಭ್ಯ ಪಡೆಯುವಾಗ ಅಪ್ಪನ ಮನೆ ನೋಡುವವರು ಕಿತ್ತುಕೊಳ್ಳುವಾಗ ಮಾತ್ರ ಗಂಡನ ಮನೆ ನೋಡುವುದು ಯಾವ ನ್ಯಾಯ, ಅಲ್ವಾ? ಆದರೆ ರಾಜ್ಯದ ನಿಯಮ ಬೇರೆ, ಕೇಂದ್ರದ್ದನ್ನು ತೋರಿಸಿದ ಕೂಡಲೇ ಒಪ್ಪುವುದಿಲ್ಲ. ನಿಮ್ಮ ಅಧಿಸೂಚನೆಯಲ್ಲಿ ವಿವಾಹಿತ ಮಹಿಳೆಯರ ಬಗ್ಗೆ ಒಂದು ಸಾಲು ಇದೆಯಾ ಇಲ್ಲವಾ ಅನ್ನುವುದೇ ಮುಖ್ಯ. ಇಲ್ಲದಿದ್ದರೆ ನಿಮ್ಮ ಕೈ ಗಟ್ಟಿ. ನಿಯಮದಲ್ಲಿ ಇಲ್ಲದ್ದನ್ನು ಪರಿಶೀಲನೆಯ ದಿನ ಹುಟ್ಟಿಸುವ ಹಾಗಿಲ್ಲ. ನೇಮಕಾತಿ ಶುರುವಾದ ಮೇಲೆ, ಮೂಲ ನಿಯಮದಲ್ಲೋ ಅಧಿಸೂಚನೆಯಲ್ಲೋ ಅದಕ್ಕೆ ಅವಕಾಶ ಇಟ್ಟಿರದಿದ್ದರೆ, ಅರ್ಹತೆಯ ಷರತ್ತು ಬದಲಿಸಬಾರದು ಅಂತ 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠವೇ ಹೇಳಿದೆ, ತೇಜ್ ಪ್ರಕಾಶ್ ಪಾಠಕ್ ಪ್ರಕರಣ.

ಹೊಸ ಪತ್ರ ಮಾಡಿಸಿ, ಬೇಡ ಅನ್ನುವುದಿಲ್ಲ. ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಅದರ ತಾರೀಖು ಅರ್ಜಿಯ ಕೊನೆ ದಿನದ ನಂತರದ್ದಾಗಿರುತ್ತದೆ, ಒಂದೇ ಸಾಲಿನಲ್ಲಿ ತಳ್ಳಿಹಾಕಬಹುದು. ತಡವಾಗಿ ಕೊಟ್ಟ ಪತ್ರದ ಬಗ್ಗೆ ಕೋರ್ಟುಗಳೂ ಒಂದೇ ಥರ ಹೇಳಿಲ್ಲ. 2016ರಲ್ಲಿ ರಾಮ್ ಕುಮಾರ್ ಗಿಜ್ರೋಯಾ ಪ್ರಕರಣದಲ್ಲಿ ಒಬಿಸಿ ಪತ್ರ ತಡವಾದರೂ ಒಪ್ಪಿದರು. 2023ರಲ್ಲಿ ಯುಪಿಎಸ್‌ಸಿ ಇಡಬ್ಲ್ಯೂಎಸ್ (ಆರ್ಥಿಕವಾಗಿ ದುರ್ಬಲ ವರ್ಗ) ಪತ್ರಗಳ ವಿಷಯದಲ್ಲಿ ಕೊನೆ ದಿನಾಂಕವೇ ಅಂತಿಮ ಅಂದರು. ಅದಕ್ಕೇ ಹೀಗೆ ಬರೆಯಿರಿ: ಮೊದಲು ನಾನು ಕೊಟ್ಟ ಪತ್ರ ಕೊನೆ ದಿನಾಂಕದಂದು ಚಾಲ್ತಿಯಲ್ಲಿತ್ತು, ಅದೇ ಸರಿಯಾದ ಪತ್ರ. ಆಮೇಲೆ, ಇದಕ್ಕೆ ಬಾಧೆ ಬಾರದಂತೆ, ಪತಿಯ ಆದಾಯ ನೋಡಿದರೂ ನಾನು ಕೆನೆಪದರಕ್ಕೆ ಬರುವುದಿಲ್ಲ ಎಂಬುದಕ್ಕೆ ಈ ಪತ್ರ ಲಗತ್ತಿಸಿದ್ದೇನೆ. ಈ ಎರಡನೆಯದನ್ನು ಮೊದಲು ಬರೆದರೆ, ಇವಳೇ ಒಪ್ಪಿಕೊಂಡಿದ್ದಾಳಲ್ಲ ಅಂತಾರೆ.

ರಿಪ್ಪನ್‌ಪೇಟೆಯವಳು:

ತುಂಬಾ ಥ್ಯಾಂಕ್ಸ್ ಸರ್. ಅಧಿಸೂಚನೆ ಮತ್ತೆ ಓದಿದೆ. "ಚಾಲ್ತಿಯಲ್ಲಿರುವ ಜಾತಿ ಮತ್ತು ಆದಾಯ ಪ್ರಮಾಣಪತ್ರ" ಅಂತ ಮಾತ್ರ ಇದೆ, ಗಂಡ ಅನ್ನುವ ಪದವೇ ಇಲ್ಲ. ಗ್ರಾಮೀಣದ ಕಲಂ ನೀವು ಹೇಳಿದ ಹಾಗೇ ಖಾಲಿ ಬಿಟ್ಟಿದ್ದಾರೆ. ಆಕ್ಷೇಪಣೆಗೆ ಉತ್ತರವೇ ಕೊಡದೆ ಅಂತಿಮ ಪಟ್ಟಿ ಹಾಕಿಬಿಟ್ಟರೆ? ಬೆಂಗಳೂರಿಗೆ ಓಡಾಡುವಷ್ಟು, ವಕೀಲರಿಗೆ ಕೊಡುವಷ್ಟು ಶಕ್ತಿ ನಮಗಿಲ್ಲ.

ಹೊಸನಗರ ಎಕ್ಸ್‌ಪ್ರೆಸ್:

ನಡುವೆ ಬಂದೆ, ಕ್ಷಮಿಸಿ. ಅಕ್ಕಾ, ನಿಮ್ಮ ಹೈಸ್ಕೂಲು ರಿಪ್ಪನ್‌ಪೇಟೆ ಆಗಿದ್ದು ಪುಣ್ಯ. ನಮ್ಮೂರಿಂದ ಮಳೆಗಾಲದಲ್ಲಿ ಹಳ್ಳ ದಾಟಿ ಹೈಸ್ಕೂಲಿಗೆ ಹೋಗೋಕೆ ಆಗಲ್ಲ ಅಂತ ನನ್ನನ್ನು ಶಿವಮೊಗ್ಗದ ಹಾಸ್ಟೆಲಿಗೆ ಹಾಕಿದರು. ಒಂದರಿಂದ ಹತ್ತೂ ಹಳ್ಳಿಯಲ್ಲೇ ಓದಿರಬೇಕಲ್ಲ, ಆ ಮೂರು ವರ್ಷಕ್ಕೆ ನನ್ನ ಗ್ರಾಮೀಣ ಹೋಯಿತು. ಹೈಸ್ಕೂಲೇ ಇಲ್ಲದ ಹಳ್ಳಿಯವನು ಗ್ರಾಮೀಣ ಅಲ್ಲವಂತೆ! ಇದನ್ನು ಯಾವ ಕೋರ್ಟಿನಲ್ಲಿ ಕೇಳಬೇಕೋ. ನಿಮ್ಮ ಶಾಲೆಯ ಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಇದೆಯಾ ನೋಡಿಕೊಳ್ಳಿ, ಮುಖ್ಯೋಪಾಧ್ಯಾಯರ ಸಹಿ ಒಂದೇ ಇದ್ದರೆ ಅದಕ್ಕೂ ಕೊಕ್ಕೆ ಹಾಕುತ್ತಾರೆ.

ಕಪ್ಪುಕೋಟು ಶಿವಮೊಗ್ಗ:

ಎಕ್ಸ್‌ಪ್ರೆಸ್ ಹೇಳಿದ್ದು ಸರಿ, ಮೇಲುಸಹಿ ನೋಡಿಕೊಳ್ಳಿ.

ಉತ್ತರ ಕೊಡದೆ ಅಂತಿಮ ಪಟ್ಟಿ ಹಾಕಿದರೆ ಕೆಎಟಿ. ಶಿವಮೊಗ್ಗದವರಿಗೆ ಬೆಂಗಳೂರಿನ ಪೀಠವೇ. ಒಂದು ವರ್ಷದ ಕಾಲಮಿತಿ ಇದೆ ಅಂತ ಕಾನೂನಿನಲ್ಲಿ ಇರುತ್ತದೆ, ಅದನ್ನು ನಂಬಿ ಕೂರಬೇಡಿ. ನೇಮಕಾತಿ ಆದೇಶ ಕೊಟ್ಟು, ಜನ ಕೆಲಸಕ್ಕೆ ಹಾಜರಾದ ಮೇಲೆ ಹೋದರೆ ಕೇಸಿನ ಬಲವೇ ಅರ್ಧ ಆಗುತ್ತದೆ. ಹೋಗುವಾಗ 2ಎ ಗ್ರಾಮೀಣದಲ್ಲಿ ನಿಮಗಿಂತ ಕಡಿಮೆ ಅಂಕಕ್ಕೆ ಆಯ್ಕೆಯಾದವರನ್ನೂ ಎದುರುದಾರರಾಗಿ ಸೇರಿಸಬೇಕು. ಪಾಪ ಅವರದ್ದೇನು ತಪ್ಪು ಅಂತ ಸುಮಾರು ಜನ ಬಿಟ್ಟುಬಿಡುತ್ತಾರೆ. ಆಮೇಲೆ, ಅವರ ಕೆಲಸಕ್ಕೆ ಕುತ್ತು ಬರುವ ಆದೇಶವನ್ನು ಅವರ ಮಾತು ಕೇಳದೆ ಹೇಗೆ ಕೊಡುವುದು ಅಂತ ಅರ್ಜಿಯೇ ವಜಾ ಆಗುತ್ತದೆ. ಪೂರ್ತಿ ನೇಮಕಾತಿಗೆ ತಡೆ ಕೇಳಬೇಡಿ, ಸಿಗುವುದು ಕಷ್ಟ, ಎಲ್ಲರ ಶಾಪವೂ ತಟ್ಟುತ್ತದೆ. 2ಎ ಗ್ರಾಮೀಣದಲ್ಲಿ ಒಂದು ಹುದ್ದೆ ಖಾಲಿ ಇಡಲಿ ಅಂತ ಕೇಳಿ. ಅದಕ್ಕೂ ಒಪ್ಪದಿದ್ದರೆ, ನೇಮಕಾತಿ ಈ ಅರ್ಜಿಯ ತೀರ್ಪಿಗೆ ಒಳಪಟ್ಟಿರಲಿ ಅಂತ.

ದುಡ್ಡಿನ ಚಿಂತೆಗೆ ದಾರಿ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಲ್ಲಿ ಮಹಿಳೆಯರಿಗೆ ಉಚಿತ ಕಾನೂನು ನೆರವು ಇದೆ, ಆದಾಯ ಎಷ್ಟೇ ಇರಲಿ. ಶಿವಮೊಗ್ಗದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅರ್ಜಿ ಕೊಡಿ, ಬೆಂಗಳೂರಿನಲ್ಲಿ ವಕೀಲರನ್ನು ಹೇಗೆ ಕೊಡಿಸುತ್ತಾರೆ ಅಂತ ಅಲ್ಲೇ ಹೇಳುತ್ತಾರೆ. ಇಷ್ಟು ಓದಿದ ಹೆಣ್ಣುಮಕ್ಕಳಿಗೂ ಇದು ಗೊತ್ತಿರುವುದಿಲ್ಲ ಅನ್ನುವುದೇ ನನಗೆ ಸಿಟ್ಟು.

ಕೊಳೆರೋಗ ಸಾಗರ:

ಮೊದಲು ಬರೆದದ್ದರಲ್ಲಿ 50, 56ರ ಮಾತು ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ಮದುವೆಯಾದಳು ಅಂತ ಹುಡುಗಿಯ ಕಾಗದ ತಿರಸ್ಕರಿಸುವುದು ಅನ್ಯಾಯವೇ. ತಂಗೀ, ನಾನು ಸಾಗರ ಪೇಟೆಯಲ್ಲೇ ಇರುತ್ತೇನೆ, ಟೈಪಿಂಗ್ ಬೇಕಿದ್ದರೆ ನಮ್ಮ ಹುಡುಗ ಮಾಡಿಕೊಡುತ್ತಾನೆ. ಅವನಿಗೆ ಈ ನಮೂನೆಗಳೆಲ್ಲ ಬಾಯಿಪಾಠ.

ರಿಪ್ಪನ್‌ಪೇಟೆಯವಳು:

ಅಣ್ಣ, ಖಂಡಿತ ಬರುತ್ತೇನೆ. ಕರಡು ಕೈಯಲ್ಲಿ ಬರೆದಿಟ್ಟಿದ್ದೇನೆ, ಮೂರು ಪ್ಯಾರಾ: ಪತ್ರ ಚಾಲ್ತಿಯಲ್ಲಿತ್ತು, ಗ್ರಾಮೀಣ ಬಿಟ್ಟುಹೋಗಿದೆ, ಗಂಡನ ಆದಾಯ ಹಿಡಿದರೂ ಕೆನೆಪದರ ಇಲ್ಲ. ಇ-ಮೇಲ್ ಮಾಡಿದರೆ ಸಾಕಾ ಸರ್, ಕಚೇರಿಗೇ ಹೋಗಿ ಕೊಡಬೇಕಾ?

ಕಪ್ಪುಕೋಟು ಶಿವಮೊಗ್ಗ:

ಎರಡೂ ಮಾಡಿ. ಇ-ಮೇಲ್ ಇವತ್ತೇ ಹೋಗಲಿ. ಜೊತೆಗೆ ಒಂದು ಪ್ರತಿ ಕೈಯಾರೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಸೀಲು ಹಾಕಲ್ಲ, ಸಾಹೇಬ್ರು ಇಲ್ಲ ಅಂದರೆ ಅಲ್ಲಿ ವಾದ ಮಾಡುತ್ತಾ ನಿಲ್ಲಬೇಡಿ, ನೇರ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.