ನಮ್ಮ ಗುಂಡಿಗೆ ಇಳಿಯೋ ಹುಡುಗನನ್ನ ತಡೆದೆ, ಈಗ ಏನು ಮಾಡ್ಲಿ?

ಶಾಂತಲಾ:

ನೆಲಮಂಗಲದ ಕಡೆ ಹದಿನಾರು ಮನೆಗಳ ಅಪಾರ್ಟ್‌ಮೆಂಟು ನಮ್ದು. ಯುಜಿಡಿ (ಒಳಚರಂಡಿ) ಇನ್ನೂ ಬಂದಿಲ್ಲ, ಎಲ್ಲರ ಮನೆಯ ಟಾಯ್ಲೆಟ್ ನೀರೂ ಪಾರ್ಕಿಂಗ್ ಹಿಂದಿರೋ ಗುಂಡಿಗೇ ಹೋಗುತ್ತೆ. ಈ ಏಪ್ರಿಲ್‌ನಿಂದ ನಾನೇ ಅಸೋಸಿಯೇಷನ್ ಸೆಕ್ರೆಟರಿ.

ಹೋದ ಗುರುವಾರ ತರಕಾರಿ ತಗೊಂಡು ಬಂದಾಗ ಗುಂಡಿಯ ಮುಚ್ಚಳ ತೆಗೆದಿತ್ತು. ಸಕ್ಕಿಂಗ್ ಗಾಡಿಯವರು ನೀರೆಲ್ಲ ಎಳೆದಿದ್ರು, ತಳದ ಗಟ್ಟಿ ಕೆಸರು ಪೈಪಿಗೆ ಬರ್ತಿರಲಿಲ್ಲ. ಇಪ್ಪತ್ತೈದು ದಾಟದ ಹುಡುಗ ಒಬ್ಬ ಅಂಗಿ ಬಿಚ್ಚಿ, ನೀಟಾಗಿ ಮಡಿಸಿ, ಯಾರದೋ ಸ್ಕೂಟರ್ ಸೀಟಿನ ಮೇಲಿಟ್ಟು ಮೈಗೆಲ್ಲ ಕೊಬ್ಬರಿ ಎಣ್ಣೆ ಹಚ್ಕೊಳ್ತಿದ್ದ. ಸೊಂಟಕ್ಕೆ ನೀಲಿ ನೈಲಾನ್ ಹಗ್ಗ, ನಾವು ಟೆರೇಸಲ್ಲಿ ಬಟ್ಟೆ ಒಣಗಿಸೋ ಅಂಥದ್ದೇ. ಇನ್ನೊಬ್ಬ ಬೆಂಕಿಕಡ್ಡಿ ಗೀರೋಕೆ ಹೊರಟಿದ್ದ, ಒಳಗೆ ಗ್ಯಾಸ್ ಇದೆಯಾ ನೋಡೋಕಂತೆ.

ನಾನು ಕೂಗಿಬಿಟ್ಟೆ. ಕೆಲಸ ನಿಂತಿತು. ಗಾಡಿಯವನು "ಹತ್ತು ನಿಮಿಷದ ಕೆಲಸ ಮೇಡಂ, ಇಡೀ ಏರಿಯಾದಲ್ಲಿ ಹೀಗೇ ಮಾಡೋದು" ಅಂದ. ಆ ಹುಡುಗ ಅಂಗಿ ಹಾಕ್ಕೊಂಡು ಬಂದು, "ಇಳಿದ್ರೆ ಸಾವಿರದೈನೂರು ಸಿಗ್ತಿತ್ತು ಅಕ್ಕ" ಅಂತ ಅಷ್ಟೇ ಹೇಳಿದ. ಆ ದುಡ್ಡು ನಾನೇ ಕೊಟ್ಟೆ. ಅದರಿಂದ ನನಗೆ ಸಮಾಧಾನ ಆಗಿಲ್ಲ.

ಈಗ ಕೆಳಗಿನ ಮನೆಗಳಿಗೆಲ್ಲ ವಾಸನೆ. ಕಮಿಟಿಯವರು, "ಅವನಾಗೇ ಒಪ್ಪಿ ಇಳೀತಾನೆ, ಕಾಂಟ್ರಾಕ್ಟ್ ಗಾಡಿಯವನದು, ನಮಗೇನು ಸಂಬಂಧ?" ಅಂತಾರೆ. ಭಾನುವಾರ ಮೀಟಿಂಗ್. ಕಾನೂನು ಏನು ಹೇಳುತ್ತೆ? ಇಳಿಸದೆ ಕ್ಲೀನ್ ಮಾಡಿಸೋದು ಹೇಗೆ?

ವಕೀಲ_ತಿಪಟೂರು:

ಸಂಬಂಧ ಇದೆ ಮೇಡಂ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ 7ನೇ ಕಲಂ ಓದಿಸಿ. ಸೆಪ್ಟಿಕ್ ಟ್ಯಾಂಕ್, ಚರಂಡಿಗಳ ಅಪಾಯಕಾರಿ ಸ್ವಚ್ಛತೆಗೆ ಯಾರನ್ನೂ ನೇರವಾಗಲಿ ಪರೋಕ್ಷವಾಗಲಿ ನೇಮಿಸೋ ಹಾಗಿಲ್ಲ. ಮಧ್ಯೆ ಗಾಡಿಯವನಿದ್ದಾನೆ ಅಂತ ಅಸೋಸಿಯೇಷನ್ ಕೈ ತೊಳ್ಕೊಳ್ಳೋಕಾಗಲ್ಲ. ಮೊದಲ ಸಲಕ್ಕೆ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಜಾಮೀನು ಸಿಗದ ಅಪರಾಧ. ಅವನು ಒಪ್ಪಿದ್ದ ಅನ್ನೋದು ಇಲ್ಲಿ ನಡೆಯಲ್ಲ.

ಸುಪ್ರೀಂ ಕೋರ್ಟ್ 2014ರಲ್ಲಿ, 1993ರಿಂದ ಈಚೆಗೆ ಮ್ಯಾನ್‌ಹೋಲ್, ಗುಂಡಿಗಳಲ್ಲಿ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ಕೊಡಿ ಅಂತು. 2023ರ ಅಕ್ಟೋಬರ್‌ನಲ್ಲಿ ಅದನ್ನ 30 ಲಕ್ಷ ಮಾಡ್ತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಹೀಗೆ ಜನರನ್ನ ಇಳಿಸೋದನ್ನ ನಿಲ್ಲಿಸಲೇಬೇಕು ಅಂತ ಮತ್ತೆ ಆದೇಶ ಕೊಡಬೇಕಾಗಿ ಬಂತು. ಇಪ್ಪತ್ತು ವರ್ಷದಿಂದ ಈ ಕಾಗದಗಳನ್ನ ಓದ್ತಿದೀನಿ, ಪ್ರತಿ ಸಲ ಹೊಟ್ಟೆ ಉರಿಯುತ್ತೆ.

ಪಂಪ್_ಮನೆ:

ನೀರು ಶುದ್ಧೀಕರಣ ಘಟಕದಲ್ಲಿ ಕೆಲಸ ನನ್ನದು. ಮೊದಲು ಆ ಬೆಂಕಿಕಡ್ಡಿ ವಿಷಯ: ಗುಂಡಿಯಲ್ಲಿ ಮೀಥೇನ್ ಇದ್ರೆ ಹೊತ್ತಿಕೊಂಡು ಸಿಡಿಯುತ್ತೆ. ಕೊಲ್ಲೋದು ಹೆಚ್ಚಾಗಿ ಹೈಡ್ರೋಜನ್ ಸಲ್ಫೈಡ್. ಅದು ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ನಾತ ಬರುತ್ತೆ, ಜಾಸ್ತಿಯಾದ್ರೆ ಮೂಗೇ ಸತ್ತುಹೋಗುತ್ತೆ. ವಾಸನೆ ಇಲ್ಲ ಅಂತ ಇಳಿದವನು ಕೆಸರು ಕದಡಿದ ಕೂಡಲೇ ಗ್ಯಾಸ್ ಏಳುತ್ತೆ, ಕುಸಿದು ಬೀಳ್ತಾನೆ. ಅವನನ್ನ ಎತ್ತೋಕೆ ಇನ್ನೊಬ್ಬ ಇಳೀತಾನೆ. ಒಂದೇ ಗುಂಡಿಯಲ್ಲಿ ಇಬ್ಬರು, ಮೂವರು ಹೋಗೋದು ಹೀಗೆ.

ಗುಂಡಿ ಬರಿದು ಮಾಡಿದ ಮೇಲೆ ಕೆಸರು ಕೆರೆಯೋದೇ ತಪ್ಪು ಕ್ರಮ. ನೀರಿರುವಾಗಲೇ ಜೆಟ್ಟಿಂಗ್ ಗಾಡಿ ಕರೆಸಿ. ಮೇಲಿಂದಲೇ ಜೋರಾಗಿ ನೀರು ಬಿಟ್ಟು ತಳದ ಗಟ್ಟಿಯನ್ನ ಅಂಬಲಿ ಥರ ಮಾಡಿ, ಆಗ ಎಳೆಸಿ. ಒಂದೇ ಸಲಕ್ಕೆ ಆಗದಿದ್ರೆ ಮತ್ತೆ ನೀರು, ಮತ್ತೆ ಜೆಟ್. ಗುಂಡಿ ಎಷ್ಟು ವರ್ಷದಿಂದ ತೆಗೆಸಿಲ್ಲ? ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಿದ್ರೆ ಅಷ್ಟು ಗಟ್ಟಿಯಾಗಲ್ಲ. ಮುಚ್ಚಳ ತೆಗೆದಾಗ ಯಾರೂ ಬಗ್ಗಿ ನೋಡಬಾರದು.

ಕೋಲಾರದವನು:

ಅಕ್ಕ, ಆ ಎಣ್ಣೆ ಯಾಕೆ ಅಂತ ಹೇಳ್ತೀನಿ. ನಮ್ಮಪ್ಪನೂ ಹಚ್ಕೊಳ್ತಿದ್ರು. ನಾತ ಚರ್ಮಕ್ಕೆ ಹಿಡಿಯದಿರಲಿ, ಮನೆಗೆ ಬಂದಾಗ ಮಕ್ಕಳು ಹತ್ರ ಬರಲಿ ಅಂತ. ಇಳಿಯೋಕೆ ಮುಂಚೆ ಕುಡಿಸೋರು. ನಾವು ಮಕ್ಕಳು ಅಪ್ಪ ಕುಡುಕ ಅಂತಲೇ ತಿಳ್ಕೊಂಡಿದ್ವಿ.

ತಲೆ ಮೇಲೆ ಮಲ ಹೊರೋದನ್ನ ನಮ್ಮ ರಾಜ್ಯ 70ರ ದಶಕದಲ್ಲೇ ನಿಷೇಧಿಸ್ತು, ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ. 2010ರಲ್ಲಿ ಸವಣೂರಿನ ಭಂಗಿ ಸಮುದಾಯದವರು ಪುರಸಭೆ ಮುಂದೆ ಮೈಮೇಲೆ ಮಲ ಸುರ್ಕೊಂಡು ನಿಂತ್ರು. ಮಧ್ಯದ ಅಷ್ಟು ವರ್ಷ ನಮ್ಮ ಜನಕ್ಕೆ ಬೇರೆ ಕೆಲಸ ಯಾರು ಕೊಟ್ರು? ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದ, ಸಫಾಯಿ ಕರ್ಮಚಾರಿ ಆಂದೋಲನದ ಬೆಜವಾಡ ವಿಲ್ಸನ್ ಅವರು ಇದೇ ಮಾತನ್ನ ದೇಶಕ್ಕೆಲ್ಲ ಹೇಳ್ತಾ ಬಂದಿದಾರೆ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು.

ನೀವು ತಡೆದಿದ್ದು ಸರಿ. ಆದ್ರೆ ಆ ಹುಡುಗ ಇವತ್ತು ಇನ್ನೊಂದು ಬೀದಿಯಲ್ಲಿ ಇಳಿದಿರ್ತಾನೆ. ಗುಂಡಿ, ಮ್ಯಾನ್‌ಹೋಲ್ ಕೆಲಸಗಾರರನ್ನ ಕೇಂದ್ರ ಸರ್ಕಾರದ ನಮಸ್ತೆ ಯೋಜನೆಯಲ್ಲಿ ನೋಂದಾಯಿಸಿದ್ರೆ ಸುರಕ್ಷಾ ಕಿಟ್ಟು, ಆಯುಷ್ಮಾನ್ ಕಾರ್ಡು ಸಿಗುತ್ತೆ, ಗಾಡಿ ಕೊಳ್ಳೋಕೆ ಸಬ್ಸಿಡಿ ಇದೆ. ಆದ್ರೆ ಅವನೊಬ್ಬನೇ ನಗರಸಭೆಗೆ ಹೋದ್ರೆ ಕೌಂಟರ್‌ನಿಂದ ಕೌಂಟರ್‌ಗೆ ಅಲೆಸ್ತಾರೆ. ನಿಮ್ಮಂಥವರು ಜೊತೆಗೆ ಹೋಗಿ. ಹೆಸರು, ನಂಬರ್ ತಗೊಂಡಿದೀರಾ?

ಶಾಂತಲಾ:

ತಗೊಂಡಿರಲಿಲ್ಲ. ನಿಮ್ಮ ಮಾತು ಓದಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಗಾಡಿಯವನಿಗೆ ನಾಲ್ಕು ಸಲ ಫೋನ್ ಮಾಡಿ ನಂಬರ್ ಇಸ್ಕೊಂಡೆ. ಆ ಹುಡುಗ ಮೊದಲು ಹೆದರಿದ, ಪೊಲೀಸ್ ಕೇಸ್ ಏನೋ ಅಂತ. ಆಮೇಲೆ ಮಾತಾಡಿದ. ಹೆಂಡತಿ, ಎಂಟು ತಿಂಗಳ ಮಗು. ನಿಮ್ಮಪ್ಪನ ಎಣ್ಣೆ ವಿಷಯ ಹೇಳಿದೆ, "ಹೌದಕ್ಕ, ಮಗು ಎತ್ಕೋಬೇಕಲ್ಲ" ಅಂದ.

ಭಾನುವಾರದ ಮೀಟಿಂಗ್ ಮುಗೀತು. 7ನೇ ಕಲಂ ಓದಿದಾಗ ಇಬ್ಬರು ಸುಮ್ಮನಾದ್ರು, ಒಬ್ಬರು ಎದ್ದು ಹೋದ್ರು. ಜೆಟ್ಟಿಂಗ್ ಗಾಡಿಗೆ ಮನೆಗೆ ಐನೂರು ರೂಪಾಯಿ ಅಂತ ಒಪ್ಪಿದಾರೆ, ಹದಿನಾಲ್ಕು ಮನೆಯವರು ಕೊಟ್ಟಾಯ್ತು. ಗುಂಡಿ ಆರು ವರ್ಷದಿಂದ ತೆಗೆಸಿರಲಿಲ್ಲ, ಪಂಪ್_ಮನೆಯವರೇ. ಬುಧವಾರ ಗಾಡಿ ಬರುತ್ತೆ, ಮುಗಿಯೋವರೆಗೂ ಅಲ್ಲೇ ನಿಂತಿರ್ತೀನಿ.

ಗುರುವಾರ ಹತ್ತೂವರೆಗೆ ಆ ಹುಡುಗನ ಜೊತೆ ನಗರಸಭೆಗೆ ಹೋಗ್ತೀನಿ. ಆಧಾರ್ ಬಿಟ್ಟು ಇನ್ನೇನು ಕಾಗದ ತರೋಕೆ ಹೇಳಲಿ ಅವನಿಗೆ?