ಪ್ರಶ್ನೋತ್ತರ: ನಮಗೆ ಬೇಕಾದ ಇಟಿಎಫ್ ಯಾಕೆ ಸಿಗುತ್ತಿಲ್ಲ?

ಅಡ್ಮಿನ್: ಇವತ್ತಿನ ವಿಷಯ ಇಟಿಎಫ್. ಅಂದ್ರೆ ಷೇರಿನ ಹಾಗೆ ಪೇಟೆಯಲ್ಲೇ ಕೊಂಡು ಮಾರುವ ಫಂಡ್. ನಮ್ಮಲ್ಲಿ ಯಾವುದಿಲ್ಲ, ಯಾಕಿಲ್ಲ ಅಂತ ಕೇಳಿ. ಉತ್ತರ ಕೊಡುವವರು ಗುಂಪಿನ ಸೆಬಿ ನೋಂದಾಯಿತ ಸಲಹೆಗಾರ್ತಿ. ಮರ್ಯಾದೆ ಇರಲಿ.

ತೀರ್ಥಹಳ್ಳಿ ತೋಟ: ಚಿನ್ನಕ್ಕಿದೆ, ಬೆಳ್ಳಿಗಿದೆ. ಕಚ್ಚಾ ತೈಲಕ್ಕೆ ಯಾಕಿಲ್ಲ ಮೇಡಂ? ಅಡಿಕೆಗೆ? ತಮಾಷೆ ಅಲ್ಲ, ನಿಜವಾಗಿ ಕೇಳ್ತಿದ್ದೇನೆ.

ಸಲಹೆಗಾರ್ತಿ: ಚಿನ್ನದ್ದು 2007ರಲ್ಲಿ ಬಂತು, ಬೆಳ್ಳಿಯದ್ದು 2022ರಲ್ಲಿ. ಎರಡನ್ನೂ ಗಟ್ಟಿ ಮಾಡಿ ವಾಲ್ಟ್‌ನಲ್ಲಿ ಇಡಬಹುದು, ಕೆಡುವುದಿಲ್ಲ. ತೈಲವನ್ನು ಫಂಡ್ ಕಂಪನಿ ಎಲ್ಲಿಡುತ್ತದೆ? ಫ್ಯೂಚರ್ಸ್ (ಮುಂದಿನ ದಿನಾಂಕದ ಸರಕಿಗೆ ಈಗಲೇ ಬೆಲೆ ಕಟ್ಟುವ ಒಪ್ಪಂದ) ಕೊಂಡು ಮುಂದಿನ ತಿಂಗಳಿಗೆ ದಾಟಿಸುತ್ತಾ ಇರಬೇಕು. ದಾಟಿಸುವಾಗಲೇ ಎಷ್ಟೋ ಸಲ ಹಣ ಸೋರುತ್ತದೆ. ಅಮೆರಿಕದಲ್ಲಿ ಅಂಥ ಫಂಡ್ ಇವೆ. 2020ರ ಏಪ್ರಿಲ್‌ನಲ್ಲಿ ತೈಲದ ಫ್ಯೂಚರ್ಸ್ ಬೆಲೆ ಸೊನ್ನೆಗಿಂತ ಕೆಳಗೆ ಹೋಯಿತು, ನೆನಪಿದೆಯಾ? ಅಂಥ ಫಂಡ್ ಹಿಡಿದವರು ಚೆನ್ನಾಗಿ ಪೆಟ್ಟು ತಿಂದರು. ಇನ್ನು ಅಡಿಕೆ. ಅದರಲ್ಲೇ ರಾಶಿ, ಬೆಟ್ಟೆ, ಗೊರಬಲು, ಚಾಲಿ ಅಂತ ಬಗೆಗಳು. ಯಾವುದರ ರೇಟಿಗೆ ಇಟಿಎಫ್ ಮಾಡುವುದು, ನೀವೇ ಹೇಳಿ.

ತೀರ್ಥಹಳ್ಳಿ ತೋಟ: ‘ಸರಕು’ ಅನ್ನೋ ಬಗೆ ಬಿಟ್ರಿ ಮೇಡಂ. ರೇಟು ಜಾಸ್ತಿ ಅದಕ್ಕೇ. 😀

ಹಾಸನದ ಮೇಷ್ಟ್ರು: ನಮಸ್ಕಾರ. ನಾನು ನಿವೃತ್ತ ಶಿಕ್ಷಕ. ‘ಅಮೆರಿಕದ ಷೇರು ಕೊಳ್ಳುವ ಫಂಡುಗಳು ಹೊಸ ಹಣಕ್ಕೆ ಬಾಗಿಲು ಹಾಕಿವೆ, ಇಟಿಎಫ್‌ಗೆ ತಡೆ ಇಲ್ಲ, ಬೇಗ ಕೊಳ್ಳಿ’ ಅಂತ ವಾಟ್ಸಾಪಿನಲ್ಲಿ ಬಂದಿತ್ತು. ಗ್ರಾಚ್ಯುಟಿ ಹಣದಲ್ಲಿ 4 ಲಕ್ಷ ತೆಗೆದು ಅಮೆರಿಕದ ನಾಸ್ಡಾಕ್ 100 ಸೂಚ್ಯಂಕದ ಇಟಿಎಫ್ ಕೊಂಡೆ. ಆಮೇಲೆ ನೋಡಿದರೆ ಆ ದಿನದ ಎನ್‌ಎವಿಗಿಂತ (ಒಂದು ಯೂನಿಟ್‌ನ ಹಿಂದಿರುವ ಷೇರುಗಳ ನಿಜ ಬೆಲೆ) ಶೇ 18ರಷ್ಟು ಜಾಸ್ತಿ ಕೊಟ್ಟಿದ್ದೇನೆ. ಫಂಡ್ ಕಂಪನಿಯಿಂದ ಮೋಸ ಆಯಿತೇ?

ಸಲಹೆಗಾರ್ತಿ: ಮೇಷ್ಟ್ರೇ, ಕಂಪನಿ ಮೋಸ ಮಾಡಿಲ್ಲ. ಆ ಮೆಸೇಜು ಅರ್ಧ ಹೇಳಿ ಉಳಿದರ್ಧ ನುಂಗಿದೆ.

ಮಾಮೂಲಿ ಇಟಿಎಫ್‌ಗೆ ಬೇಡಿಕೆ ಏರಿದರೆ ಮಾರ್ಕೆಟ್ ಮೇಕರ್‌ಗಳು (ಕೊಳ್ಳಲು, ಮಾರಲು ಸದಾ ಸಿದ್ಧರಿರುವ ದೊಡ್ಡ ವ್ಯಾಪಾರಿಗಳು) ಫಂಡ್ ಕಂಪನಿಯಿಂದ ಹೊಸ ಯೂನಿಟ್ ಮಾಡಿಸಿ ತಂದು ಮಾರುತ್ತಾರೆ. ಹಾಗಾಗಿ ಬೆಲೆ ಎನ್‌ಎವಿ ಪಕ್ಕದಲ್ಲೇ ಇರುತ್ತದೆ. ವಿದೇಶಿ ಷೇರಿನ ಇಟಿಎಫ್‌ಗೆ ಇದು ಸಾಧ್ಯವಾಗುತ್ತಿಲ್ಲ. ನಮ್ಮ ಮ್ಯೂಚುವಲ್ ಫಂಡುಗಳೆಲ್ಲ ಸೇರಿ ಹೊರದೇಶದ ಷೇರುಗಳಿಗೆ ಹಾಕಬಹುದಾದ ಮಿತಿ 700 ಕೋಟಿ ಡಾಲರ್. ಹೊರದೇಶದಲ್ಲಿ ಲಿಸ್ಟ್ ಆದ ಇಟಿಎಫ್‌ಗಳಿಗೆ ಹಾಕಲು ಅಂತ ಬೇರೆ 100 ಕೋಟಿ ಡಾಲರ್. ಮೊದಲನೆಯದು ತುಂಬುತ್ತಾ ಬಂದು 2022ರ ಫೆಬ್ರವರಿಯಲ್ಲಿ ಹೊಸ ಹಣ ನಿಲ್ಲಿಸಿದರು. ಆಮೇಲೆ ಯಾರಾದರೂ ತೆಗೆದರೆ ಅಷ್ಟೇ ಜಾಗ. ಎರಡನೆಯದಕ್ಕೆ 2024ರ ಏಪ್ರಿಲ್ 1ರಿಂದ ತಡೆ ಬಿತ್ತು. ಹೊಸ ಯೂನಿಟ್ ಹುಟ್ಟದಿದ್ದರೆ ಇರುವುದಕ್ಕೇ ಜನ ಮುಗಿಬೀಳುತ್ತಾರೆ. ನೀವು ಹೆಚ್ಚಿಗೆ ಕೊಟ್ಟ ದುಡ್ಡು ಅಮೆರಿಕದ ಯಾವ ಷೇರಿಗೂ ಹೋಗಿಲ್ಲ, ನಿಮಗೆ ಮಾರಿದವನ ಜೇಬಿಗೆ ಹೋಗಿದೆ.

100 ರೂಪಾಯಿಯದಕ್ಕೆ 118 ಕೊಟ್ಟಿದ್ದೀರಿ. ನಾಳೆ ಮಿತಿ ಏರಿಸಿ ಯೂನಿಟ್ ಬರತೊಡಗಿದರೆ ಆ 18 ಕರಗುತ್ತದೆ. ನಾಸ್ಡಾಕ್ ಒಂದು ಪಾಯಿಂಟೂ ಇಳಿಯದೆ ನಿಮ್ಮ 4 ಲಕ್ಷ ಸುಮಾರು 3.39 ಲಕ್ಷ ಆಗಬಹುದು. ನನ್ನ ಚಿಂತೆ ಇದೇ. ಸೂಚ್ಯಂಕ ಬಿದ್ದರೆ ಮತ್ತೆ ಏರುತ್ತೆ ಅಂತ ಕಾಯಬಹುದು. ಇದು ಕಾದರೆ ಬರುವ ಹಣ ಅಲ್ಲ.

ಈಗಲೂ ಬೆಲೆ ಎನ್‌ಎವಿಗಿಂತ ಅಷ್ಟೇ ಮೇಲಿದ್ದರೆ ಮಾರುವುದು ಒಳ್ಳೆಯದು. ಒಂದೇ ಏಟಿಗೆ ಬೇಡ, ಇಷ್ಟಕ್ಕಿಂತ ಕಡಿಮೆಗೆ ಬೇಡ ಅನ್ನುವ ಲಿಮಿಟ್ ಆರ್ಡರ್ ಹಾಕಿ ಸ್ವಲ್ಪ ಸ್ವಲ್ಪ. ಒಂದು ವರ್ಷದೊಳಗೆ ಮಾರಿದರೆ ಲಾಭಕ್ಕೆ ನಿಮ್ಮ ಸ್ಲ್ಯಾಬ್ ದರದ ತೆರಿಗೆ. ಎಷ್ಟಕ್ಕೆ ಕೊಂಡಿರಿ, ಯಾವ ದಿನ, ನನಗೆ ಇನ್‌ಬಾಕ್ಸ್ ಮಾಡಿ.

ಹಾಸನದ ಮೇಷ್ಟ್ರು: ಹಾಗಾದರೆ ನನ್ನಂಥ ಇನ್ನೊಬ್ಬನ ತಲೆಗೆ ಕಟ್ಟಬೇಕೇ?

ಸಲಹೆಗಾರ್ತಿ: ಹೌದು, ಕೊಳ್ಳುವವರು ಯಾರೋ ಇರಲೇಬೇಕು. ಆದರೆ ಐ-ಎನ್‌ಎವಿ, ಅಂದರೆ ಆ ಹೊತ್ತಿನ ಅಂದಾಜು ಎನ್‌ಎವಿ, ಫಂಡ್ ಕಂಪನಿಯ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುತ್ತದೆ. ನೋಡದೆ ಕೊಳ್ಳುವವರನ್ನು ನಾನೂ ನೀವೂ ತಡೆಯಲು ಆಗಲ್ಲ.

ಬೆಂಗಳೂರು ಟೆಕ್ಕಿ: ನಾಸ್ಡಾಕ್ ಇಟಿಎಫ್ ಈಗ ತಗೊಳ್ಳಬಹುದಾ ಮೇಡಂ?

ಸಲಹೆಗಾರ್ತಿ: ಮೇಲೆ ಓದಿ.

ಡಲ್ಲಾಸ್ ಕನ್ನಡಿಗ: ನಾನು ಇಲ್ಲಿ ಕೂತು ಊರಿನ ನಿಫ್ಟಿ ಇಟಿಎಫ್ ಕೊಂಡರೆ?

ಸಲಹೆಗಾರ್ತಿ: ಅಮೆರಿಕದಲ್ಲಿ ತೆರಿಗೆ ಕಟ್ಟುವವರಿಗೆ ಭಾರತದ ಫಂಡುಗಳು ಪಿಎಫ್‌ಐಸಿ, ಅಂದರೆ ಅಲ್ಲಿನ ತೆರಿಗೆ ಕಾನೂನು ಬೇರೆಯಾಗಿ ನೋಡುವ ವಿದೇಶಿ ಹೂಡಿಕೆ ಕಂಪನಿ. ಫಾರ್ಮ್ 8621 ತುಂಬುವ ತಲೆನೋವು. ಅಲ್ಲೇ ಲಿಸ್ಟ್ ಆದ ಭಾರತದ ಇಟಿಎಫ್ ನೋಡಿ. ಅಲ್ಲಿನ ಲೆಕ್ಕಪರಿಶೋಧಕರನ್ನು (ಸಿಪಿಎ) ಕೇಳಿ, ನನ್ನನ್ನಲ್ಲ.

ಲಕ್ಷ್ಮಿ ಕಟಾಕ್ಷ: 🙏 ಫಾರ್ವರ್ಡ್ ಬಂದದ್ದು: ‘ದಿನಾ ಅತಿ ಹೆಚ್ಚು ಬಿದ್ದ ಇಟಿಎಫ್ ಕೊಳ್ಳಿ, ಏರಿದ ಕೂಡಲೇ ಮಾರಿ. ಮನೆಯಲ್ಲೇ ಕೂತು ಸಂಬಳ!’ ಎಲ್ಲರಿಗೂ ಕಳಿಸಿ.

ಸಲಹೆಗಾರ್ತಿ: ಯಾರಿಗೂ ಕಳಿಸಬೇಡಿ. ಎಷ್ಟೋ ಇಟಿಎಫ್‌ಗಳಲ್ಲಿ ದಿನಕ್ಕೆ ಹೆಚ್ಚು ವಹಿವಾಟೇ ಇರಲ್ಲ, ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಅಂತರ ಜಾಸ್ತಿ. ವರ್ಷದೊಳಗಿನ ಲಾಭಕ್ಕೆ ನಮ್ಮ ದೇಶದ ಷೇರು ಇಟಿಎಫ್‌ನಲ್ಲೂ ಶೇ 20 ತೆರಿಗೆ. ಬಿದ್ದದ್ದು ಏರದೇ ಇದ್ದರೆ ಏನು ಮಾಡಬೇಕು ಅಂತ ಅದರಲ್ಲಿ ಬರೆದಿದೆಯಾ? ಮೇಷ್ಟ್ರಿಗೆ ಆದದ್ದನ್ನು ಈಗಷ್ಟೇ ಓದಿದ್ದೀರಿ ತಾನೇ?

ಪೈಸೆ ಪೈಸೆ: ಬೇಕಾದ್ದು ಒಂದೂ ಇಲ್ಲ, ನಿಫ್ಟಿ 50 ಇಟಿಎಫ್ ಮಾತ್ರ ಬೀದಿಗೊಂದು. ಫಂಡ್ ಕಂಪನಿಗಳಿಗೆ ಬುದ್ಧಿ ಇಲ್ಲ.

ಬೆಂಗಳೂರು ಟೆಕ್ಕಿ: ಸಾಮಾನ್ಯ ಜನಕ್ಕೆ ನಿಫ್ಟಿ ಸಾಕು. ಉಳಿದದ್ದೆಲ್ಲ ಶೋಕಿ.

ಪೈಸೆ ಪೈಸೆ: ಈಗಷ್ಟೇ ನಾಸ್ಡಾಕ್ ಕೇಳಿದವರು ನೀವೇ ಅಲ್ವಾ ಸ್ವಾಮಿ?

ಬೆಂಗಳೂರು ಟೆಕ್ಕಿ: ಕೇಳಿದ್ದು, ಕೊಂಡಿಲ್ಲ. ಓದೋಕೆ ಬರುತ್ತಾ?

ಸಲಹೆಗಾರ್ತಿ: ಬುದ್ಧಿ ಇದೆ, ಲೆಕ್ಕವೂ ಇದೆ. 2015ರಿಂದ ಇಪಿಎಫ್‌ಒ ನಮ್ಮ ನಿಮ್ಮ ಪಿಎಫ್ ಹಣದ ಒಂದು ಪಾಲನ್ನು ನಿಫ್ಟಿ, ಸೆನ್ಸೆಕ್ಸ್ ಇಟಿಎಫ್‌ಗಳಿಗೆ ಹಾಕುತ್ತಿದೆ. ಹಣ ಅಲ್ಲಿದೆ, ಅಂಗಡಿಯೂ ಅಲ್ಲೇ. ನಿವೃತ್ತರಿಗೆ ನಿಜವಾಗಿ ಬೇಕಿರುವುದು ಬೆಲೆ ಏರಿಕೆಗೆ ತಕ್ಕಂತೆ ಬೆಳೆಯುವ ಸರ್ಕಾರಿ ಬಾಂಡಿನ ಇಟಿಎಫ್. 2013ರಲ್ಲಿ ಅಂಥ ಬಾಂಡ್ ತಂದರು, ಓಡಲಿಲ್ಲ. ಬಾಂಡೇ ಇಲ್ಲದೆ ಇಟಿಎಫ್ ಎಲ್ಲಿಂದ ಬರಬೇಕು? ಈ ಕೊರತೆ ನನಗೆ ನಾಸ್ಡಾಕ್‌ಗಿಂತ ದೊಡ್ಡದಾಗಿ ಕಾಣುತ್ತದೆ. ಆದರೆ ಅದನ್ನು ಯಾರೂ ಕೇಳಲಿಲ್ಲ.

ಪೈಸೆ ಪೈಸೆ: ಸರಿ ಮೇಡಂ. ಆದರೆ ಈ ಟೆಕ್ಕಿ ಮಹಾಶಯರು ಮೊದಲು ಕ್ಷಮೆ ಕೇಳಲಿ.

ಬೆಂಗಳೂರು ಟೆಕ್ಕಿ: ಕಾಯ್ತಾ ಇರಿ.

ಅಡ್ಮಿನ್: ಇಬ್ಬರೂ ಸಾಕು ಮಾಡಿ. ಇನ್ನೊಂದು ಮಾತಾಡಿದರೆ ಮ್ಯೂಟ್.

ಶಿರಸಿಯಿಂದ: ನಾಸ್ಡಾಕ್ ಇಟಿಎಫ್ ಎಸ್‌ಐಪಿ ಮಾಡಿದರೆ ಪರವಾಗಿಲ್ಲವಾ?

ಸಲಹೆಗಾರ್ತಿ: ತಿಂಗಳು ತಿಂಗಳು ಜಾಸ್ತಿ ಕೊಟ್ಟ ಹಾಗಾಗುತ್ತದೆ. ಮೇಲೆ ಓದಿ ಅಂದೆನಲ್ಲ.

ಮೈಸೂರು ಮನೆ: ಕಟ್ಟಡಗಳ ಬಾಡಿಗೆ ಹಂಚುವ ರೀಟ್‌ಗಳ ಇಟಿಎಫ್ ಬಗ್ಗೆ ಬೆಳಿಗ್ಗೆಯೇ ಕೇಳಿದ್ದೆ. ಯಾರಾದರೂ ನೋಡಿದಿರಾ?