ಆಫೀಸಿನಲ್ಲಿ ಚುರುಕು, ಭಾನುವಾರ ಮಂಕು: ನಿಮಗೂ ಹೀಗಾ?

ಪ್ರಶ್ನೆ (ಮಂಜೇಶ್ವರ): ಮಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ. ಶನಿವಾರದವರೆಗೆ ಚೆನ್ನಾಗಿಯೇ ಇರುತ್ತೇನೆ. ಭಾನುವಾರ ಮನೆಯಲ್ಲಿ ಕೂತರೆ ಎದೆ ಭಾರ. ನಾನು ಮಾತು ಕಡಿಮೆಯವಳು. ಸ್ವಭಾವವೇ ಕಾರಣವಾ? ಕೆಲಸ ಬಿಡಲಾ? ಅನುಭವ ಇದ್ದವರು ಹೇಳಿ.

ಕುಂಬಳೆಯಿಂದ: ನನ್ನದು ಕೇಳಿ. ಹನ್ನೊಂದು ವರ್ಷ ರೈಲಿನಲ್ಲಿ ಮಂಗಳೂರಿಗೆ ಹೋಗಿ ಬಂದೆ. ಎಲ್ಲದಕ್ಕೂ ಚಿಂತೆ ಮಾಡುವ ಜೀವ ನನ್ನದು. ಮಾರ್ಚ್ ಬಂದರೆ ರಾತ್ರಿ ಎರಡಕ್ಕೆ ಎದ್ದು ಮೇಲ್ ನೋಡುತ್ತಿದ್ದೆ. 2019ರಲ್ಲಿ ಬಿಟ್ಟೆ. ತಿಂಗಳ 38,000 ಹೋಯಿತು. ತೋಟಕ್ಕೆ ಸ್ಪ್ರಿಂಕ್ಲರ್ 1,12,000, ಪಂಪು 27,500, ಪಂಪಿನ ರಿಪೇರಿ ಎರಡು ಸಲ 6,300. ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವವನು ಬರಲಿಲ್ಲ, ಕೊಳೆರೋಗಕ್ಕೆ ಅರ್ಧ ಅಡಿಕೆ ಉದುರಿತು. ಈಗಲೂ ರಾತ್ರಿ ಎರಡಕ್ಕೆ ಏಳುತ್ತೇನೆ, ಮಳೆಯ ಸದ್ದು ಕೇಳಲು. ಬಿಡಬೇಡಿ ಮಾರಾಯ್ರೆ.

ಉಪ್ಪಳದಿಂದ: ನಾನು ಬಿಟ್ಟಿಲ್ಲ. ಆ ಬಗ್ಗೆ ಹೆಮ್ಮೆ ಉಂಟು. 1989ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಚಿಕ್‌ಸೆಂಟ್‌ಮಿಹಾಯಿ ಮತ್ತು ಲೆಫೆವ್ರ್ ಎಂಬ ಸಂಶೋಧಕರು ಕೆಲಸಗಾರರಿಗೆ ಪೇಜರ್ ಕೊಟ್ಟು, ಅದು ಕೂಗಿದಾಗಲೆಲ್ಲ ಹೇಗಿದ್ದೀರಿ ಅಂತ ಬರೆಸಿದ್ದರು. ಮೈಮರೆತು ತೊಡಗುವುದು ಬಿಡುವಿಗಿಂತ ಕೆಲಸದಲ್ಲೇ ಜಾಸ್ತಿ ಕಂಡಿತ್ತು. ಹಾಗಾಗಿ ಭಾನುವಾರಕ್ಕೂ ಕೈಗೆ ಕೆಲಸ ಬೇಕು. ನಾನು ಚೆಂಡೆ ಕಲಿತೆ. ಚೆಂಡೆಗೆ 14,000, ಪಾಠಕ್ಕೆ ತಿಂಗಳಿಗೆ 800. ಎರಡು ತಿಂಗಳು ಅಂಗೈಯಲ್ಲಿ ಬೊಬ್ಬೆ. ಈಗ ಸೋಮವಾರ ಹಗುರ.

ಬದಿಯಡ್ಕದಿಂದ: ನಿಮಗೆ ಜನ ಅಂದರೆ ಖುಷಿ, ಅದಕ್ಕೆ ಚೆಂಡೆ ಒಗ್ಗಿತು. ಬಹಿರ್ಮುಖಿಗಳು ಸಾಮಾನ್ಯವಾಗಿ ಜಾಸ್ತಿ ಖುಷಿಯಲ್ಲಿರುತ್ತಾರೆ ಅಂತ ಮನಶ್ಶಾಸ್ತ್ರದವರು ಬರೆದರು. ಆಫೀಸಿನವರಿಗೆ ಅಷ್ಟು ಸಾಕಾಯಿತು, ಮಾತು ಕಡಿಮೆಯ ನಮ್ಮನ್ನೂ ಎಳೆದಾಡುತ್ತಾರೆ. ನನ್ನ ಆಫೀಸಿನವರು ರೆಸಾರ್ಟಿಗೆ ಕರೆದುಕೊಂಡು ಹೋಗಿ ಸಂಬಳದಲ್ಲಿ 1,850 ಹಿಡಿದರು. ಎರಡು ದಿನ ತಲೆನೋವು. ನನ್ನ ಬಿಡುವು ಹಲಸಿನ ಹಪ್ಪಳ. ಉಂಡೆ ಇಡು, ಮಣೆ ಒತ್ತು, ಚಾಪೆಗೆ ಹಾಕು. ನೂರು ಹಪ್ಪಳ ಆಗುವಷ್ಟರಲ್ಲಿ ಆಫೀಸು ತಲೆಯಿಂದ ಹೋಗಿರುತ್ತದೆ.

ಉಪ್ಪಳದಿಂದ: ಅಕ್ಕ, ನನ್ನನ್ನು ನೋಡದೆ ಸ್ವಭಾವ ಹೇಳಬೇಡಿ. ನಾನು ಯಕ್ಷಗಾನದ ಚೌಕಿಯಲ್ಲೂ (ವೇಷ ಕಟ್ಟುವ ಕೋಣೆ) ಮೂಲೆಯಲ್ಲಿ ಕೂರುವವನು. ಮಾತು ಬಾರದ್ದಕ್ಕೇ ಚೆಂಡೆ ಹಿಡಿದದ್ದು.

ಬದಿಯಡ್ಕದಿಂದ: ಹಾಗಾದರೆ ಅದನ್ನು ಮೊದಲೇ ಬರೆಯಬೇಕಿತ್ತು. ಕೇಳಿದವಳೂ ಮಾತು ಕಡಿಮೆಯವಳೇ ಅಲ್ವಾ?

ಕುಂಬಳೆಯಿಂದ: 14,000ಕ್ಕೆ ಚೆಂಡೆ ಎಲ್ಲಿ ಸಿಕ್ಕಿತು? ಚರ್ಮ ಬದಲಾಯಿಸಿದ್ದನ್ನು ಲೆಕ್ಕಕ್ಕೆ ಸೇರಿಸಿಲ್ಲ ನೀವು.

ಉಪ್ಪಳದಿಂದ: ಸೇರಿಸಿಯೇ ಹೇಳಿದ್ದು. ಹಳೆಯದನ್ನು ತೆಗೆದುಕೊಂಡದ್ದು.